‘ಮುಂಬ್’ ಹುದ್ದೆಯಿಂದ ‘ಶೇಷಂ’ ಹುದ್ದೆಗೆ ಬಡ್ತಿ ಕೋರಿ

ಇಂದ,
ಕೇತನ್, ವಯಸ್ಸು ಇಪ್ಪತ್ತಮೂರು,
ತಾತ್ಕಾಲಿಕ ಬೆಂಕಿ ಕಾವಲುಗಾರ,
ಕಾಡಂಚಿನ ಹಾಡಿ, ತೋಲ್ಪೆಟ್ಟಿ, ವಯನಾಡು ಜಿಲ್ಲೆ.
(ಬರೆದುಕೊಟ್ಟವರು: ಬಸವಯ್ಯ, ಅರ್ಜಿ ಬರಹಗಾರ, ಜೆರಾಕ್ಸ್ ಅಂಗಡಿಯ ಜಗಲಿ, ಕಲ್ಪೆಟ್ಟ)

ಗೆ,
ಮಾನ್ಯ ಮುಖ್ಯ ಅಧಿಕಾರಿಗಳು,
ಜಾಹೀರಾತು ವಿಭಾಗ,
ವೆಣ್ಮುತ್ತು (ಅಂದರೆ ಬಿಳಿಮುತ್ತು) ಮುಖಕ್ರೀಮು ಕಂಪನಿ, ಮೈಸೂರು ಕಚೇರಿ.

ವಿಷಯ: ತಮ್ಮ ಜಾಹೀರಾತಿನಲ್ಲಿ ‘ಮುಂಬ್’ (ಅಂದರೆ ಕ್ರೀಮು ಹಚ್ಚುವ ಮೊದಲು) ಎಂಬ ಹುದ್ದೆಯಲ್ಲಿರುವ ಕೇತನ್ ಎಂಬಾತನನ್ನು ‘ಶೇಷಂ’ (ಅಂದರೆ ಹಚ್ಚಿದ ನಂತರ) ಎಂಬ ಹುದ್ದೆಗೆ ಏರಿಸುವ ಬಗ್ಗೆ, ತುರ್ತು.

ಉಲ್ಲೇಖ: ೧) ಕಲ್ಪೆಟ್ಟ ಬಸ್ ನಿಲ್ದಾಣದ ಎದುರಿನ ತಮ್ಮ ದೊಡ್ಡ ಬೋರ್ಡು. ೨) ಕಾಟ್ಟಿಕ್ಕುಳಂ ತಿರುವಿನ ಅದೇ ಬೋರ್ಡು, ಸ್ವಲ್ಪ ಸಣ್ಣದು. ೩) ಯಾರ ಫೋನು ತೆರೆದರೂ ಅದೇ ಬೋರ್ಡು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರ ತಮ್ಮಲ್ಲಿ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ‘ಕೈಮುಗಿದು’ ಎಂಬ ಮಾತು ಬೇಡವೆಂದು ಅವನು ಹೇಳಿದ್ದಾನೆ. ಆದರೆ ಮೂವತ್ತೊಂದು ವರ್ಷದಿಂದ ಈ ಜಗಲಿಯಲ್ಲಿ ಅರ್ಜಿ ಬರೆಯುತ್ತಿರುವ ಬಸವಯ್ಯ ಕೈಮುಗಿಯದ ಅರ್ಜಿಯನ್ನು ಇದುವರೆಗೆ ಬರೆದಿಲ್ಲ. ಕಾರಣ, ಕೈಗಳು ಮುಗಿದೇ ಇವೆ ಎಂದು ಓದಿಕೊಳ್ಳುವುದು. ಊರೆಲ್ಲ ಮಲಯಾಳದಲ್ಲಿ ಬರೆಸುವಾಗ ಈ ಅರ್ಜಿ ಕನ್ನಡದಲ್ಲಿ ಏಕಿದೆ ಎಂಬುದಕ್ಕೆ ಕಲಂ ಮೂರನ್ನು ನೋಡುವುದು.

೧. ಅರ್ಜಿದಾರ ಕೇತನ್ ಎಂಟನೆಯ ತರಗತಿಯವರೆಗೆ ಮಲಯಾಳದಲ್ಲಿ ಓದಿ, ಮಿಕ್ಕಿದ್ದನ್ನು ಕಾಡಿನಲ್ಲಿ ಓದಿದವನು. ಅಪ್ಪ ಅವ್ವ ಇಲ್ಲ. ಅಜ್ಜಿ ಅಮ್ಮಾಳು ಮತ್ತು ತಂಗಿ ಸುನಿತ, ಇವರಿಬ್ಬರೂ ಅವನ ಆಶ್ರಯದಲ್ಲಿದ್ದಾರೆ. ಅಜ್ಜಿಯನ್ನು ಕೇಳಿದರೆ ಅವನೇ ತನ್ನ ಆಶ್ರಯದಲ್ಲಿದ್ದಾನೆ ಎನ್ನುತ್ತಾಳೆ. ಅರ್ಜಿದಾರನು ಬಣ್ಣದಲ್ಲಿ ಕಪ್ಪು (ಇಲ್ಲಿ ಎರಡು ಪದಗಳನ್ನು ಹೊಡೆದುಹಾಕಲಾಗಿದೆ, ಕಾರಣ ಕಲಂ ಹತ್ತರಲ್ಲಿದೆ), ಗುಣದಲ್ಲಿ ಬಂಗಾರ. ಬೇಸಿಗೆಯಲ್ಲಿ ಬೆಂಕಿರೇಖೆ ಸುಡುವುದು ಅವನ ಕೆಲಸ. ಕಾಡಿಗೆ ಬೆಂಕಿ ಹತ್ತದಿರಲೆಂದು ಅಂಚಿನ ಒಣಹುಲ್ಲನ್ನು ಮುಂಚೆಯೇ ತಾವಾಗಿ ಸುಟ್ಟು ಬೋಳು ಮಾಡುತ್ತಾರೆ. ಈ ಕೆಲಸ ಮುಗಿಸಿ ಬಂದವನ ಮುಖವನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಮಸಿ, ಬೂದಿ, ಬೆವರು, ಕಣ್ಣಲ್ಲಿ ನೀರು.

೨. ಹೀಗಿರುವಲ್ಲಿ ಕಳೆದ ಫೆಬ್ರವರಿ ತಿಂಗಳ ಒಂದು ಮಧ್ಯಾಹ್ನ ಅರ್ಜಿದಾರ ರೇಖೆ ಸುಟ್ಟು ಬಂದು ರಸ್ತೆ ಬದಿಯ ನಲ್ಲಿಯ ಹತ್ತಿರ ಮುಖ ತೊಳೆಯಲು ಬಗ್ಗಿದ್ದಾಗ, ತಮ್ಮ ಕಂಪನಿಯವರೆಂದು ಹೇಳಿಕೊಂಡ ಬಿನು ಎಂಬವರು ಕಾರು ನಿಲ್ಲಿಸಿ, “ವೇಂಡ ಮೋನೇ, ವೇಂಡ!” ಎಂದು ಕೂಗುತ್ತಾ ಓಡಿ ಬಂದರು. ವೇಂಡ ಎಂದರೆ ಬೇಡ ಎಂದು. ತೊಳೆಯಬೇಡ ಮಗನೇ, ಹಾಗೇ ನಿಲ್ಲು, ಒಂದು ಫೋಟೊ ಸಾಕು ಎಂದು. ಅರ್ಜಿದಾರ ತೊಳೆದು ಬರುತ್ತೇನೆ ಎಂದ. ಅವರು ಬೇಡವೆಂದರು. ನಗಲೇ ಎಂದು ಕೇಳಿದ. ಅದೂ ಬೇಡವೆಂದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ ಎಂದದ್ದಕ್ಕೂ ಬೇಡ ಎಂದ ಮೇಲೆ, ದೊಡ್ಡವರು, ತಿಳಿದವರು, ಏನೋ ಕಾರಣ ಇರುತ್ತದೆ ಎಂದು ಅವನು ಸುಮ್ಮನೆ ನಿಂತುಕೊಂಡ. ಹೊಗೆಯಿಂದ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ತಮ್ಮ ಬೋರ್ಡಿನಲ್ಲಿ ಇದೇ ನೀರನ್ನು ‘ಬಣ್ಣದ ಚಿಂತೆಯಿಂದ ಕಣ್ಣೀರಿಡುವ ಯುವಕ’ ಎಂದು ತೋರಿಸಲಾಗಿದೆ. ಅದು ಒಣಹುಲ್ಲಿನ ಹೊಗೆ ಎಂದು ತಮ್ಮ ಗಮನಕ್ಕೆ ತರಲಾಗಿದೆ.

೩. ಇನ್ನು ತಪ್ಪು ಎಲ್ಲಾಯಿತು ಎಂಬುದು. ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಬಿನು ಅವರು ಅವನ ಬೆನ್ನು ತಟ್ಟಿ, “ನೀ ಮುಂಬ್, ಮೋನೇ. ಕೊಚ್ಚಿಯಿಲೆ ಆಳ್ ಶೇಷಂ” ಎಂದರು. ಮಲಯಾಳ ಬಲ್ಲ ಅರ್ಜಿದಾರನಿಗೆ ಇದು ಅರ್ಥವಾಗದೆ ಹೋಗಲಿಲ್ಲ; ಅರ್ಥವಾದದ್ದೇ ತೊಂದರೆಯಾಯಿತು. ಕ್ರೀಮಿನ ಮಾತು ಅಲ್ಲಿ ಯಾರೂ ಎತ್ತಿರಲಿಲ್ಲ. ಆದ್ದರಿಂದ ಅವನು ಅದನ್ನು ಮನೆಮಾತಾದ ಕನ್ನಡಕ್ಕೆ ತಿರುಗಿಸಿಕೊಂಡು ‘ನೀನು ಮೊದಲು, ಕೊಚ್ಚಿಯವನು ಆಮೇಲೆ’ ಎಂದು, ಅಂದರೆ ಸಾಲಿನಲ್ಲಿ ನಿಲ್ಲಿಸುವ ಮಾತೆಂದು ತಿಳಿದ. ಮಾನ್ಯರೇ, ಕನ್ನಡದಲ್ಲಿ ‘ಮೊದಲು’ ಎಂದರೆ ಹಿಂದಿನ ಕಾಲವೂ ಹೌದು, ಎಲ್ಲರಿಗಿಂತ ಮುಂದಿನ ಸ್ಥಾನವೂ ಹೌದು. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನ ಬಾಗಿಲಲ್ಲಿ ಹುಟ್ಟಿದಾಗಿನಿಂದ ಅವನಿಗೆ ‘ನೀನು ಮೊದಲು’ ಎಂದವರು ಒಬ್ಬರೂ ಇಲ್ಲ. ಕೊಚ್ಚಿಯವರನ್ನು ಹಿಂದೆ ನಿಲ್ಲಿಸಿ ತನ್ನನ್ನು ಮುಂದೆ ನಿಲ್ಲಿಸಿದರಲ್ಲ ಎಂದು ಅವನು ಪೆನ್ನು ತೆಗೆದುಕೊಂಡ. ಎರಡು ಕಡೆ ಸಹಿ ಕೇಳಿದರೆ ಮೂರು ಕಡೆ ಹಾಕಿದ.

ಅಂದು ಹಾಡಿಗೆ ಬಂದು ಅವನು ಹೇಳಿದ ಮಾತು ಹೀಗಿದೆ: “ಅಜ್ಜಿ, ನನ್ನ ಮೊದಲು ಮಾಡ್ಬುಟ್ರು!”

ಅಜ್ಜಿ ಅಮ್ಮಾಳು ಕೇಳಿದ್ದು: “ಏನ್ಲಾ ಮಾಡಿದ್ದು? ಯಾವ್ದ್ರಲ್ಲಿ ಮೊದಲು?”

“ಅದು ಗೊತ್ತಿಲ್ಲ ಕಣಜ್ಜಿ. ಆದ್ರೆ ಮೊದಲು.”

ಆವತ್ತು ಹಾಡಿಯಲ್ಲಿ ಎಲ್ಲರ ಮನೆಗೂ ಬೆಲ್ಲದ ಕಾಫಿ ಹೋಯಿತು.

೪. ಎರಡು ತಿಂಗಳಾದ ಮೇಲೆ ಕಾವಲು ಕೆಲಸದ ಗುತ್ತಿಗೆ ಕಾಗದ ಹೊಸದು ಮಾಡಿಸಲು ಅರ್ಜಿದಾರ ಕಲ್ಪೆಟ್ಟಕ್ಕೆ ಬಂದು ಬಸ್ಸಿನಿಂದ ಇಳಿದಾಗ, ಎದುರಿಗೆ ಮೂರು ಅಂತಸ್ತಿನ ಎತ್ತರದಲ್ಲಿ ತಾನೇ ನಿಂತಿರುವುದನ್ನು ಕಂಡ. ಒಂದು ಮೂಗಿನ ಹೊಳ್ಳೆಯೇ ಅವನ ಗುಡಿಸಲಿನ ಬಾಗಿಲಷ್ಟಿತ್ತು. ಎಡಗಡೆ ಮಸಿ ಮುಖದ ಅವನು, ಕೆಳಗೆ ‘ಮುಂಬ್’. ಬಲಗಡೆ ಹಾಲು ಬಣ್ಣದ ಯುವಕನೊಬ್ಬ ಹಲ್ಲು ಬಿಟ್ಟುಕೊಂಡು, ಕೆಳಗೆ ‘ಶೇಷಂ’. ನಡುವೆ ತಮ್ಮ ಟ್ಯೂಬು, ‘ಬರೀ ಹದಿನಾಲ್ಕು ದಿನ’ ಎಂಬ ಬರಹ. ಇವನೇ ಹದಿನಾಲ್ಕು ದಿನದಲ್ಲಿ ಅವನಾದ ಎಂಬುದು ತಾತ್ಪರ್ಯ. ಬಲಗಡೆಯವನನ್ನು ಅರ್ಜಿದಾರ ಇಂದಿನವರೆಗೆ ಕಣ್ಣಿನಿಂದ ಕಂಡಿಲ್ಲ. ಆದರೂ ಬೋರ್ಡಿನ ಪ್ರಕಾರ ಅವರಿಬ್ಬರೂ ಒಬ್ಬನೇ. ಇದು ಯಾವ ಸೀಮೆಯ ನ್ಯಾಯ ಎಂದು ಈ ಬರಹಗಾರ ಖಾಸಗಿಯಾಗಿ ಕೇಳುತ್ತಾನೆ.

ಅರ್ಜಿದಾರ ಅಲ್ಲಿಂದ ನೆಟ್ಟಗೆ ಈ ಜಗಲಿಗೆ ಬಂದು, ಗುತ್ತಿಗೆಯ ಕಾಗದ ಮುಂದಿಟ್ಟು, “ಬಸವಯ್ಯೋರೆ, ನಾನು ಮೊದಲು ಆಗಿರೋದು ಇದ್ರಲ್ಲಿ ಕಣ್ರಿ” ಎಂದು ಬೋರ್ಡಿನತ್ತ ಕೈ ತೋರಿಸಿದ. ನಗಬಾರದಿತ್ತು. ಈ ಬರಹಗಾರ ನಕ್ಕುಬಿಟ್ಟ. ಅದರ ಪ್ರಾಯಶ್ಚಿತ್ತಕ್ಕಾಗಿ ಈ ಅರ್ಜಿಗೆ ಬರವಣಿಗೆ ಕೂಲಿ ತೆಗೆದುಕೊಂಡಿಲ್ಲ.

೫. ತದನಂತರ ಅರ್ಜಿದಾರನ ಸ್ವಂತ ಹೆಸರು ಬಳಕೆಯಿಂದ ಹೋಗಿದೆ. ಅಣ್ಣನಿಗೆ ಇಲ್ಲಿ ಏಟ್ಟನ್ ಎನ್ನುತ್ತಾರೆ. ಆದ್ದರಿಂದ ಕಾಟ್ಟಿಕ್ಕುಳದಿಂದ ತೋಲ್ಪೆಟ್ಟಿಯವರೆಗೆ ಅವನೀಗ ‘ಮುಂಬೇಟ್ಟನ್’. ಬಸ್ಸಿನ ಕಂಡಕ್ಟರು “ಮುಂಬೇಟ್ಟಾ, ಹಿಂದೆ ಜಾಗ ಇದೆ” ಎನ್ನುತ್ತಾರೆ. ಜೀಪಿನಲ್ಲಿ ಕಾಡು ನೋಡಲು ಬರುವ ಪ್ರವಾಸಿಗಳು ಆನೆಯ ಕಡೆ ಬೆನ್ನು ಮಾಡಿ ಅವನ ಕಡೆ ಫೋನು ಹಿಡಿಯುತ್ತಾರೆ. ಒಮ್ಮೆ ಆನೆಗೇ ಬೇಸರವಾಗಿ ಹೊರಟುಹೋಯಿತು ಎಂದು ಅವನ ಮೇಲಿನವರಾದ ಭಾಸ್ಕರನ್ ಸಾರ್ ಬಾಯಿಮಾತಿನಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ.

ಇದಕ್ಕಿಂತ ಘೋರವಾದದ್ದು ಭಾನುವಾರದ ಸಾಲು. ಸುತ್ತಲಿನ ಹುಡುಗರೂ ಹುಡುಗಿಯರೂ ತಮ್ಮ ಕ್ರೀಮು ಹಚ್ಚಲು ಶುರುಮಾಡಿದ ಮೇಲೆ, ತಾವು ‘ಮುಂಬ್’ನಿಂದ ಎಷ್ಟು ದೂರ ಬಂದೆವು ಎಂದು ಅಳೆದುಕೊಳ್ಳಲು ಪ್ರತಿ ಭಾನುವಾರ ಅರ್ಜಿದಾರನ ಮನೆಗೆ ಬರುತ್ತಾರೆ. ಅವನ ಕೆನ್ನೆಯ ಪಕ್ಕದಲ್ಲಿ ಕೆನ್ನೆ ಇಟ್ಟು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹೊಳೆದಂಡೆಯ ಮರಕ್ಕಡವಿನಲ್ಲಿ ನೀರು ಎಷ್ಟು ಏರಿತು ನೋಡಲು ಕಲ್ಲಿಗೆ ಗೆರೆ ಹಾಕಿರುತ್ತಾರಲ್ಲ, ಇವನು ಆ ಕಲ್ಲಾಗಿದ್ದಾನೆ. ಮನು ಎಂಬ ಕಾಲೇಜು ಹುಡುಗನಂತೂ ಒಂಬತ್ತನೆಯ ದಿನ ಬಂದು ಫೋಟೊ ನೋಡಿ, “ಮುಂಬೇಟ್ಟಾ, ನೀವು ಬಿಸಿಲಿಗೆ ಹೋಗ್ಬೇಡಿ, ನೀವು ಹೆಚ್ಚು ಕಪ್ಪಾದ್ರೆ ನಮ್ಗೆ ಲೆಕ್ಕ ತಪ್ತದೆ” ಎಂದು ಬೈದು ಹೋಗಿದ್ದಾನೆ. ಬೆಂಕಿರೇಖೆ ಸುಡುವವನು ಬಿಸಿಲಿಗೆ ಹೋಗದೆ ಚಂದ್ರನ ಬೆಳಕಿನಲ್ಲಿ ಸುಡಬೇಕೇ? ಹೇಳಬೇಕಾದವರು ತಾವು.

೬. ಮನೆಗೆ ಬಂದವರು ಬಿಟ್ಟುಹೋದ ಟ್ಯೂಬೊಂದನ್ನು ಅಜ್ಜಿ ಅಮ್ಮಾಳು ಎತ್ತಿಟ್ಟುಕೊಂಡು ಒಡೆದ ಹಿಮ್ಮಡಿಗೆ ಹಚ್ಚಿದ್ದಾಳೆ. ಎಡಗಾಲಿನ ಹಿಮ್ಮಡಿ ಸಂಪೂರ್ಣ ವಾಸಿಯಾಗಿದೆ. ಬಲಗಾಲಿಗೆ ಹಚ್ಚಿಲ್ಲ, ಅದು ಹಾಗೇ ಇದೆ. ಕಾರಣ, ತಮಗೆ ‘ಮುಂಬ್’, ‘ಶೇಷಂ’ ಎರಡೂ ಒಬ್ಬರಲ್ಲೇ ಬೇಕಿದ್ದಲ್ಲಿ ಸದರಿ ಅಜ್ಜಿ ಸಿದ್ಧಳಿದ್ದಾಳೆ. “ನನ್ನ ಕಾಲ ಫೋಟ ಹಾಕ್ಲಿ, ಮೊಗನ ಬುಡ್ಲಿ” ಎಂದು ಅವಳು ಹೇಳಿರುವುದನ್ನು ಯಥಾವತ್ತಾಗಿ ನಮೂದಿಸಲಾಗಿದೆ.

೭. ಇಷ್ಟೇ ಆಗಿದ್ದರೆ ಅರ್ಜಿದಾರ ಅರ್ಜಿ ಹಾಕುತ್ತಿರಲಿಲ್ಲ. “ನಂಗೇನು, ಕಾಡಾನೆ ಓಡ್ಸಿದೀನಿ, ಒಂದ್ ಎಸ್ರು ತಡ್ಕಳಾಕಾಗಕಿಲ್ವ?” ಎನ್ನುವವನು ಅವನು. ಈಗ ಬರೆಸುತ್ತಿರುವುದು ತಂಗಿ ಸುನಿತಳ ಕಾರಣ. ಅವಳಿಗೆ ಹದಿನೆಂಟು. ಅಣ್ಣನದೇ ಮೂಗು, ಅಣ್ಣನದೇ ಹುಬ್ಬು, ಅಣ್ಣನದೇ ಬಣ್ಣ. ಒಂದೇ ಅಚ್ಚಿನಲ್ಲಿ ಎರಡು ಬೆಲ್ಲ ತೆಗೆದಂತಿದ್ದಾರೆ. ಹನ್ನೆರಡನೆಯ ತರಗತಿ ಪಾಸಾಗಿ, ಕಲ್ಪೆಟ್ಟದಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕವಳು. ಹಾಡಿಯಲ್ಲಿ ಇಂಥದ್ದು ಮೊದಲು. ಇಲ್ಲಿ ‘ಮೊದಲು’ ಎಂಬುದನ್ನು ಸರಿಯಾದ ಅರ್ಥದಲ್ಲಿ ಓದಿಕೊಳ್ಳುವುದು.

ಈ ಹುಡುಗಿ ತರಬೇತಿಯ ಪ್ರವೇಶ ಪರೀಕ್ಷೆಗೆ ಓದಿದ್ದು ಫೋನಿನಲ್ಲಿ ಪಾಠದ ವಿಡಿಯೊ ನೋಡಿ. ಪ್ರತಿ ಪಾಠಕ್ಕೂ ಮುಂಚೆ ತಮ್ಮ ಜಾಹೀರಾತು. ಐದು ಸೆಕೆಂಡು ದಾಟಿಸಲಾಗುವುದಿಲ್ಲ. ಆ ಐದು ಸೆಕೆಂಡೂ ಪೂರ್ತಿ ಅವಳ ಅಣ್ಣ. ದುಃಖದ ಪಿಟೀಲು, ಅಣ್ಣನ ಕಣ್ಣೀರು, “ನೀವೂ ಹೀಗೇ ಇದ್ದೀರಾ?” ಎಂದು ಒಂದು ಹೆಣ್ಣು ದನಿ. ರಕ್ತ ಪರಿಚಲನೆಯ ಪಾಠಕ್ಕೆ ಅಣ್ಣ, ಮೂತ್ರಪಿಂಡದ ಪಾಠಕ್ಕೆ ಅಣ್ಣ. ಹೀಗೇ ಇದ್ದೀರಾ ಎಂದು ದಿನಕ್ಕೆ ಹತ್ತು ಸಲ ಕೇಳಿದರೆ ಕಲ್ಲೂ ಹೌದು ಎನ್ನುತ್ತದೆ. ಜೊತೆಯವರು ‘ಮುಂಬಿನ ತಂಗಿ’ ಎಂದು ಕರೆಯತೊಡಗಿದರು. ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಮುಖಕ್ಕೆ ಶಾಲು ಸುತ್ತಿಕೊಂಡಳು, ಅಷ್ಟೆ. ಮೇ ತಿಂಗಳ ಸೆಕೆಯಲ್ಲಿ, ಮಾನ್ಯರೇ, ಶಾಲು.

೮. ಸಿಕ್ಕ ಸೀಟು ಖಾಯಂ ಮಾಡುವ ಅರ್ಜಿಗೆ ಫೋಟೊ ಬೇಕು. ಸುನಿತ ಫೋನಿನಲ್ಲಿ ತಾನೇ ತೆಗೆದು, ಅದರಲ್ಲಿರುವ ಯಾವುದೋ ಫಿಲ್ಟರು ಹಾಕಿ, ಮೂರು ಸಲ ಬೆಳ್ಳಗೆ ಮಾಡಿ ಕಳಿಸಿದಳು. ಮೂಗೂ ಸಣ್ಣದಾಗಿತ್ತು, ಅದನ್ನು ಅವಳು ಕೇಳಿರಲಿಲ್ಲ, ಫೋನೇ ಉಪಕಾರಕ್ಕೆ ಮಾಡಿತ್ತು. ಆಧಾರ್ ಕಾರ್ಡಿನ ಮುಖದೊಂದಿಗೆ ಹೋಲಿಸಿ ನೋಡಿದ ಕಂಪ್ಯೂಟರು ‘ಈಕೆ ಆಕೆಯಲ್ಲ’ ಎಂದಿದೆ. ಹೊಸ ಫೋಟೊ ಕೊಡಲು ಮೂವತ್ತೊಂದನೆಯ ತಾರೀಖು ಕೊನೆ. ಇಂದು ಇಪ್ಪತ್ತೊಂಬತ್ತು. ಕೊಡದಿದ್ದರೆ ಸೀಟು ಬೇರೆಯವರಿಗೆ.

ಅಣ್ಣ ತಂಗಿಯ ನಡುವೆ ನಡೆದ ಮಾತು, ಅರ್ಜಿದಾರ ಹೇಳಿದಂತೆ:

“ಸ್ಟುಡಿಯೋಗೆ ನಡಿ, ಒಂದ್ ಫೋಟ ಅಲ್ವ.”

“ನಾ ಮುಂಬ್ ಫೋಟ ಕೊಡಾಕಿಲ್ಲ.”

“ಅದು ಮುಂಬ್ ಅಲ್ಲ ಕಣವ್ವ, ನಿನ್ನ ಮೊಗ.”

“ಎರಡೂ ಒಂದೇ ಅಲ್ವಣ್ಣ? ನೀನೇ ಬೋರ್ಡ್ ಮೇಲೆ ನಿಂತ್ಕಂಡು ಏಳ್ತಿದೀಯಲ್ಲ.”

ಇದನ್ನು ಹೇಳುವಾಗ ಅರ್ಜಿದಾರ ಜಗಲಿಯ ಕಂಬ ನೋಡುತ್ತಾ ಕೂತಿದ್ದ. ಈ ಸಲ ಈ ಬರಹಗಾರ ನಗಲಿಲ್ಲ. ಸದರಿ ಸುನಿತಳನ್ನು ಅಣ್ಣ ಹೇಗೋ ಪುಸಲಾಯಿಸಿ ಬಸ್ಸು ಹತ್ತಿಸಿ ಕರೆತಂದಿದ್ದು, ಇದನ್ನು ಬರೆಯುವ ಹೊತ್ತಿಗೆ ಅವಳು ಇದೇ ಜಗಲಿಯ ಆ ತುದಿಯ ಬೆಂಚಿನ ಮೇಲೆ ಶಾಲು ಸುತ್ತಿಕೊಂಡು, ಬೋರ್ಡಿಗೆ ಬೆನ್ನು ಹಾಕಿ ಕೂತಿದ್ದಾಳೆ.

೯. ಆದ ಕಾರಣ, ಮೇಲೆ ಹೇಳಿದ ಕಾರಣಗಳಿಗಾಗಿ, ಮತ್ತು ಇನ್ನೂ ಹೇಳದೆ ಬಿಟ್ಟ ಕಾರಣಗಳಿಗಾಗಿ, ಅರ್ಜಿದಾರನನ್ನು ‘ಶೇಷಂ’ ಹುದ್ದೆಗೆ ಏರಿಸಬೇಕಾಗಿ ಕೋರಿಕೆ. ಅವನಿಗೆ ಆ ಹುದ್ದೆಯ ಅರ್ಹತೆ ಇದೆ ಎಂಬುದಕ್ಕೆ ಈ ಬರಹಗಾರ ತನ್ನ ಗುಂಡ್ಲುಪೇಟೆಯ ಶಾಲೆಯ ಲೆಕ್ಕದ ಪುಸ್ತಕವನ್ನು ಸಾಕ್ಷಿಗೆ ಕರೆಯುತ್ತಾನೆ. ಕನ್ನಡದಲ್ಲಿ ‘ಶೇಷ’ ಎಂದರೆ ಭಾಗಾಕಾರ ಮಾಡಿ, ಹೋಗುವುದೆಲ್ಲ ಹೋದ ಮೇಲೆ ಕೊನೆಗೆ ಉಳಿಯುವುದು. ಅರ್ಜಿದಾರ ಆ ದಿನ ಫೋಟೊ ಕೊಟ್ಟ ಮೇಲೆ ನಲ್ಲಿಯಲ್ಲಿ ಮುಖ ತೊಳೆದ. ಮಸಿ ಹೋಯಿತು, ಬೂದಿ ಹೋಯಿತು, ಕಣ್ಣೀರು ಹೋಯಿತು. ಉಳಿದದ್ದು ಅವನ ಮುಖ, ಅವನ ಅವ್ವನಿಂದ ಬಂದ ಬಣ್ಣ. ಅದು ನೀರಿಗೂ ಹೋಗಲಿಲ್ಲ, ಸೋಪಿಗೂ ಹೋಗಲಿಲ್ಲ, ಹೋಗಬೇಕಾದ ಅಗತ್ಯವೂ ಕಂಡುಬರಲಿಲ್ಲ. ಅತ್ತ ತಮ್ಮ ಬಲಗಡೆಯವರು ಮುಖ ತೊಳೆದರೆ ಏನು ಉಳಿಯುತ್ತದೆ ಎಂಬುದನ್ನು ತಾವೇ ಬಲ್ಲಿರಿ. ಆದ್ದರಿಂದ ಭಾಷೆಯ ಪ್ರಕಾರ, ಲೆಕ್ಕದ ಪ್ರಕಾರ, ನೀರಿನ ಪ್ರಕಾರ, ಶೇಷ ಎಂದರೆ ಕೇತನ್.

ಇದಕ್ಕಾಗಿ ಹೊಸ ಫೋಟೊ ತೆಗೆಯುವ ಶ್ರಮ ತಮಗೆ ಬೇಡ. ಚಿತ್ರಗಳು ಹಾಗೇ ಇರಲಿ. ಕೆಳಗಿನ ಎರಡು ಪದಗಳನ್ನು ಮಾತ್ರ ಅದಲು ಬದಲು ಮಾಡಿದರೆ ಸಾಕು. ಎತ್ತರಕ್ಕೆ ಹತ್ತಲು ತಮ್ಮ ನೌಕರರು ಹೆದರುವ ಪಕ್ಷದಲ್ಲಿ, ಜೇನು ತೆಗೆಯಲು ಇದಕ್ಕಿಂತ ಎತ್ತರದ ಮರ ಹತ್ತಿರುವ ಅರ್ಜಿದಾರ ಬಳ್ಳಿಯ ಏಣಿ ಸಮೇತ ತಾನೇ ಬಂದು ಬದಲಾಯಿಸಿಕೊಡುತ್ತಾನೆ.

ಇದು ಆಗದು ಎಂದಾದರೆ, ಕೊಚ್ಚಿಯ ಸದರಿ ಶೇಷಂ ಅವರನ್ನು ಒಂದು ದಿನದ ಮಟ್ಟಿಗೆ ತೋಲ್ಪೆಟ್ಟಿಗೆ ಕಳಿಸಿಕೊಡುವುದು. ಬೆಳಗ್ಗೆ ಏಳಕ್ಕೆ ಬೆಂಕಿರೇಖೆಗೆ ಕರೆದೊಯ್ದು ಮಧ್ಯಾಹ್ನ ಒಂದಕ್ಕೆ ಹಿಂದಿರುಗಿಸಲಾಗುವುದು. ಊಟದ ವ್ಯವಸ್ಥೆ ಇದೆ. ಬರುತ್ತಲೇ, ತೊಳೆಯುವ ಮೊದಲು, ಅವರದೊಂದು ಫೋಟೊ ತೆಗೆದು ಎಡಗಡೆಗೆ ಹಾಕಿಕೊಳ್ಳುವುದು. ಅವರು ಅಳುವುದು ಖಚಿತ, ಹೊಗೆ ಹಾಗಿರುತ್ತದೆ.

೧೦. ತಿದ್ದುಪಡಿ. ಬರೆದ ಅರ್ಜಿಯನ್ನು ಗಟ್ಟಿಯಾಗಿ ಓದಿ ಹೇಳಿ ಸಹಿ ಪಡೆಯುವುದು ಈ ಜಗಲಿಯ ಪದ್ಧತಿ. ಅದರಂತೆ ಕಲಂ ಒಂದನ್ನು ಓದಿದಾಗ ಅಲ್ಲಿ ಮೊದಲಿಗೆ ಹೀಗಿತ್ತು: ‘ಅರ್ಜಿದಾರನು ಬಣ್ಣದಲ್ಲಿ ಕಪ್ಪು ದೋಷ, ಆದರೂ ಗುಣದಲ್ಲಿ ಬಂಗಾರ.’ ಕೇತನ್ ಸರಿ ಎಂಬಂತೆ ತಲೆಯಾಡಿಸಿದ. ಆಗ ಬೆಂಚಿನ ಆ ತುದಿಯಿಂದ ದನಿ ಬಂತು.

“ಏನಂದ್ರಿ?”

ಈ ಬರಹಗಾರ ಇನ್ನೊಮ್ಮೆ ಓದಿದ.

“ದೋಸ ಅಂತ ಯಾಕ್ ಬರುದ್ರಿ ಬಸವಯ್ಯೋರೆ? ನಮ್ಮಣ್ಣನ್ ಬಣ್ಣದಾಗೆ ಏನ್ ದೋಸ ಕಂಡ್ರಿ ನೀವು?”

“ಅಯ್ಯೋ, ಅದು ಬರಹದ ರೂಢಿ ಕಣಮ್ಮ. ಅಧಿಕಾರಿಗಳಿಗೆ ಕನಿಕರ ಬರಲಿ ಅಂತ.”

“ಬ್ಯಾಡ ಕನಿಕ್ರ. ಒಡೀರಿ ಅದ್ನ.”

ಹೊಡೆದೆ. ಅಂದರೆ, ಈ ಬರಹಗಾರ ಹೊಡೆದುಹಾಕಿದ. ಅವಳು ಎದ್ದು ಹತ್ತಿರ ಬಂದು ಹಾಳೆಯ ಮೇಲೆ ಬೆರಳಿಟ್ಟಳು. “‘ಆದರೂ’ ಯಾಕೈತೆ ಇನ್ನೂವೆ? ದೋಸನೇ ಒಂಟೋದ್ಮೇಕೆ ಆದರೂ ಯಾಕ್ರಿ?” ಮೂವತ್ತೊಂದು ವರ್ಷದ ಅನುಭವಕ್ಕೆ ಹದಿನೆಂಟು ವರ್ಷದ ಹುಡುಗಿ ವ್ಯಾಕರಣ ಹೇಳಿದಳು. ಅದನ್ನೂ ಹೊಡೆಯಲಾಯಿತು. ಆಮೇಲೆ ಅವಳೇ ಹಾಳೆ ಕಿತ್ತುಕೊಂಡು, ಕನ್ನಡದ ಅಕ್ಷರ ಸರಿಯಾಗಿ ಬಾರದೆ ತಡವರಿಸುತ್ತಾ, ಕಲಂ ಒಂಬತ್ತರವರೆಗೆ ತಾನೇ ಓದಿದಳು. ಓದಲು ಶಾಲು ಅಡ್ಡ ಬಂತು, ಕೆಳಕ್ಕೆ ಎಳೆದುಕೊಂಡಳು. ಬೆಂಕಿರೇಖೆಗೆ ಹೋಗಿ ಅಳುವ ಶೇಷಂ ಅವರ ಜಾಗಕ್ಕೆ ಬಂದಾಗ ನಕ್ಕಳು. ಇಡೀ ಜೆರಾಕ್ಸ್ ಅಂಗಡಿ ತಿರುಗಿ ನೋಡುವ ಹಾಗೆ ನಕ್ಕಳು. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಆ ಮುಖ ಶಾಲಿನಿಂದ ಹೊರಗೆ ಬರದೆ ತಿಂಗಳಾಗಿತ್ತಂತೆ.

“ನಮ್ಮ ಇಸ್ಕೂಲಾಗೆ ಲೆಕ್ಕದಲ್ಲಿ ಉಳಿಯೋದಕ್ಕೆ ಶಿಷ್ಟಂ ಅಂತಾರೆ, ಶೇಷಂ ಅನ್ನಲ್ಲ,” ಎಂದು ಕೊನೆಗೊಂದು ತಪ್ಪು ಹಿಡಿದಳು.

“ಇದು ನಮ್ಮ ಭಾಷೆಯ ಅರ್ಜಿ, ನಮ್ಮ ಲೆಕ್ಕ,” ಎಂದು ಈ ಬರಹಗಾರ ಬಿಗಿಯಾಗಿ ಹೇಳಿದ. ಎಲ್ಲ ತಪ್ಪನ್ನೂ ಒಪ್ಪಿಕೊಂಡರೆ ಜಗಲಿ ನಡೆಯುವುದಿಲ್ಲ.

ಅವಳು ಅಣ್ಣನ ಕಡೆ ತಿರುಗಿ, “ಸ್ಟುಡಿಯೋ ಎಲ್ಲೈತೆ?” ಎಂದಳು.

ಸ್ಟುಡಿಯೊ ಇದೇ ಸಾಲಿನ ಮೂರನೆಯ ಅಂಗಡಿ. ಅಂಗಡಿಯ ಸಜೀವ್ ಫೋಟೊ ತೆಗೆದು, ಯಾರನ್ನೂ ಕೇಳದೆ, ಅಭ್ಯಾಸಬಲದಿಂದ, ಮುಖವನ್ನು ಬೆಳ್ಳಗೆ ಮಾಡಲು ಶುರುಮಾಡಿದ. ಪಾಪ, ಅವನ ತಪ್ಪಲ್ಲ. ಎಲ್ಲರೂ ಹಾಗೇ ಕೇಳುವವರು. ಸುನಿತ ಅವನ ಕೈ ತಡೆದಳು. “ಮಸಿ ಇದ್ರೆ ತೆಗೀರಿ. ಮೊಗ ಇರ್ಲಿ” ಎಂದಳು. ಕೇತನ್ ಹೊರಗೆ ಹೋಗಿ ಬೋರ್ಡಿನ ಕಡೆ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದ. ಕಣ್ಣಲ್ಲಿ ನೀರಿತ್ತು. ಕಲ್ಪೆಟ್ಟದಲ್ಲಿ ಈ ದಿನ ಎಲ್ಲಿಯೂ ಹುಲ್ಲು ಸುಡುತ್ತಿರಲಿಲ್ಲ ಎಂಬುದನ್ನು ದಾಖಲೆಗಾಗಿ ಬರೆಯಲಾಗಿದೆ.

೧೧. ಫೋಟೊ ಮಧ್ಯಾಹ್ನ ಮೂರು ಗಂಟೆಗೆ ತರಬೇತಿಯ ಕಚೇರಿಗೆ ಸಲ್ಲಿಕೆಯಾಗಿದ್ದು, ಕಂಪ್ಯೂಟರು ‘ಈಕೆಯೇ ಆಕೆ’ ಎಂದು ಒಪ್ಪಿಕೊಂಡಿದೆ. ಹೀಗಾಗಿ ವಿಷಯದಲ್ಲಿರುವ ‘ತುರ್ತು’ ಎಂಬ ಪದಕ್ಕೆ ಈಗ ಅರ್ಥವಿಲ್ಲ. ಆದರೂ ಬರೆದ ಅರ್ಜಿಯನ್ನು ಹರಿದು ಹಾಕುವ ಪದ್ಧತಿ ಇಲ್ಲಿಲ್ಲ. ಅಲ್ಲದೆ ಬೋರ್ಡು ಇನ್ನೂ ಅಲ್ಲೇ ಇದೆ, ತರಬೇತಿ ಶುರುವಾದ ಮೇಲೆ ಸುನಿತ ದಿನಾ ಅದರ ಕೆಳಗೇ ಬಸ್ಸಿಳಿಯಬೇಕು, ಹಾಡಿಯಲ್ಲಿ ಇನ್ನೂ ಏಳು ಹೆಣ್ಣುಮಕ್ಕಳು ಫೋನಿನಲ್ಲಿ ಪಾಠ ಓದುತ್ತಿದ್ದಾರೆ. ಆದ್ದರಿಂದ ಕೋರಿಕೆ ಕೋರಿಕೆಯಾಗಿಯೇ ಉಳಿದಿದೆ.

ಇಂತಿ,
ತಾವು ಬದಲಾಯಿಸುವವರೆಗೆ ‘ಮುಂಬ್’ ಆಗಿಯೇ ಇರಬೇಕಾದ
ತಮ್ಮ ವಿಶ್ವಾಸಿ,
ಕೇತನ್
(ಸಹಿ ಒಂದೇ ಕಡೆ ಹಾಕಿದ್ದಾನೆ. ಓದಿಸಿ ಕೇಳಿ ಹಾಕಿದ್ದಾನೆ.)

ಸ್ಥಳ: ಕಲ್ಪೆಟ್ಟ
ದಿನಾಂಕ: ಮೇ ೨೯

ಅಡಕಗಳು:
೧) ವೆಣ್ಮುತ್ತು ಟ್ಯೂಬು ಒಂದು, ಅರ್ಧ ಬಳಸಿದ್ದು. (ಇದರಿಂದ ವಾಸಿಯಾದ ಹಿಮ್ಮಡಿಯನ್ನು ಲಗತ್ತಿಸಲು ಸಾಧ್ಯವಾಗಿಲ್ಲ. ಯಾವುದೇ ಕೆಲಸದ ದಿನ ಹಾಡಿಗೆ ಬಂದು ಪರಿಶೀಲಿಸಬಹುದು.)
೨) ಬಟ್ಟೆ ಸೋಪಿನ ಚೂರು ಒಂದು. ಬೆಂಕಿರೇಖೆಯ ಮಸಿಗೆ ಇದು ಸಾಕೆಂದು ತೋರಿಸಲು.
೩) ವೆಣ್ಮುತ್ತು ಟ್ಯೂಬು ಇನ್ನೊಂದು, ಮುಚ್ಚಳ ತೆಗೆಯದ್ದು. ಇದು ಅರ್ಜಿದಾರನದಲ್ಲ. ಈ ಬರಹಗಾರ ತನ್ನ ಮಗಳು ದಿವ್ಯಶ್ರೀಯನ್ನು ನೋಡಲು ಗಂಡಿನವರು ಬರುತ್ತಾರೆಂದು ತಂದು, ಕೊಡಲು ಧೈರ್ಯ ಬಾರದೆ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದದ್ದು. ಮಗಳು ಬಣ್ಣದಲ್ಲಿ ಕಪ್ಪು, ಗುಣದಲ್ಲಿ 
ಬಂಗಾರ. ವಾಪಸು ಬೇಡ.
೪) ಸುನಿತಳ ಪಾಸ್‌ಪೋರ್ಟ್ ಅಳತೆಯ ಫೋಟೊ ಒಂದು.

ಕೊನೆಯ ಕೋರಿಕೆ: ಅಡಕ ನಾಲ್ಕರ ಫೋಟೊ ಗುರುತಿನ ಚೀಟಿಗೆ ಬೇಕಾಗಿದೆ. ಆದ್ದರಿಂದ ತಾವು ಅದನ್ನು ಚೆನ್ನಾಗಿ ನೋಡಿ, ಏನೂ ಮಾಡದೆ, ಹಾಗೆಯೇ ಹಿಂದಕ್ಕೆ ಕಳಿಸಿಕೊಡಬೇಕು.